ಹತ್ತು ವರ್ಷ ದಾಟಿದ ಕಾರು, ಬಳ್ಳಾರಿ ಬಿಸಿಲು: ಯಾವ ಕೆಲಸ ಎಲ್ಲಿ, ಯಾವ ಪಾರ್ಟ್ ಎಲ್ಲಿಂದ

ಬಳ್ಳಾರಿಯಿಂದ ತೋರಣಗಲ್ಲಿಗೆ ಡ್ಯೂಟಿಗೆ ಹೋಗುವವರು, ಕೊಪ್ಪಳದಿಂದ ಗಂಗಾವತಿಗೆ ಪಾಠ ಮಾಡಲು ಹೋಗುವ ಮೇಷ್ಟ್ರುಗಳು, ರಾಯಚೂರಿನಿಂದ ಶಕ್ತಿನಗರಕ್ಕೆ ದಿನಾ ಓಡಾಡುವವರು. ಇವರಲ್ಲಿ ಸುಮಾರು ಜನರ ಮನೆ ಮುಂದೆ ನಿಂತಿರುವುದು ಹತ್ತು-ಹದಿನೈದು ವರ್ಷದ ಕಾರು. ವ್ಯಾಗನ್ ಆರ್, ಸ್ಯಾಂಟ್ರೊ, ಸ್ವಿಫ್ಟ್ ಡೀಸೆಲ್, ಇಂಡಿಕಾ, ಇನ್ನೋವಾ. ಮಾರಿದರೆ ಕೈಗೆ ಹೆಚ್ಚೇನೂ ಬರುವುದಿಲ್ಲ. ಇಟ್ಟುಕೊಂಡರೆ ಆಗಾಗ ಖರ್ಚು. ಆ ಖರ್ಚನ್ನು ಎಲ್ಲಿ ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಅನ್ನೋದು ಇಲ್ಲಿನ ವಿಷಯ.

ಹಳೆ ಕಾರಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ನಮ್ಮ ಸೀಮೆಗೆ ಹೊಂದುವುದಿಲ್ಲ. ಮಂಗಳೂರು, ಕಾರವಾರದ ಕಡೆ ಕಾರಿನ ಶತ್ರು ತುಕ್ಕು. ನಮ್ಮಲ್ಲಿ ಮಳೆ ಕಡಿಮೆ, ಗಾಳಿ ಒಣ, ಉಪ್ಪಿನ ಅಂಶ ಇಲ್ಲ. ಹದಿನೈದು ವರ್ಷದ ಕಾರನ್ನು ಜಾಕ್ ಮೇಲೆ ಎತ್ತಿ ನೋಡಿದರೂ ತಳ ಗಟ್ಟಿಯಾಗೇ ಇರುತ್ತದೆ. ಇಲ್ಲಿ ಕಾರನ್ನು ಹಾಳು ಮಾಡುವುದು ಬಿಸಿಲು ಮತ್ತು ಧೂಳು. ರಬ್ಬರ್ ಒಣಗಿ ಸೀಳುತ್ತದೆ, ಪ್ಲಾಸ್ಟಿಕ್ ಪುಡಿಯಾಗುತ್ತದೆ, ರೇಡಿಯೇಟರ್ ಕಟ್ಟಿಕೊಳ್ಳುತ್ತದೆ, ಎಸಿ ಸೋಲುತ್ತದೆ. ಹಾಗಾಗಿ ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸುವ ದುಡ್ಡನ್ನು ಹೋಸ್ ಪೈಪು, ಸಸ್ಪೆನ್ಷನ್ನಿನ ರಬ್ಬರ್ ಬುಷ್, ಇಂಜಿನ್ ತಣ್ಣಗಿಡುವ ಕೂಲೆಂಟಿಗೆ ಹಾಕಿ ಅನ್ನೋದೇ ನನ್ನ ಮಾತು. ಉಳಿದದ್ದೆಲ್ಲ ಇದರ ವಿವರ.

ಕಂಪನಿ ಸರ್ವಿಸ್ಸೋ, ಗ್ಯಾರೇಜೋ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಾರು ಪೂರ್ತಿ ಒಂದೇ ಕಡೆ ಕೊಡಬೇಕು ಅಂತ ಯಾರು ಹೇಳಿದರು? ಕೆಲಸ ನೋಡಿ ಜಾಗ ಆರಿಸಿ.

ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯಬೇಕಾದ ಕೆಲಸ ಕೆಲವೇ. ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ, ಕೀ ಪ್ರೋಗ್ರಾಮಿಂಗ್, ಇಮೊಬಿಲೈಸರ್, ಇಸಿಎಂಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಸಂಬಂಧಿಸಿದ್ದು. ಇವಕ್ಕೆ ಬಹಳಷ್ಟು ಸಲ ಆ ಕಂಪನಿಯ ಸ್ಕ್ಯಾನರೇ ಬೇಕಾಗುತ್ತದೆ. ಬಿಲ್ ಸಿಗುತ್ತದೆ, ಹಾಕಿದ ಪಾರ್ಟ್ ಅಸಲಿ ಅನ್ನೋ ನಂಬಿಕೆ ಇರುತ್ತದೆ. ತೊಂದರೆ ಏನೆಂದರೆ ಅಲ್ಲಿ ನಿಮ್ಮ ಜೊತೆ ಮಾತಾಡುವವರು ಅಡ್ವೈಸರ್, ನಟ್ಟು ಬಿಚ್ಚುವವರು ಬೇರೆ ಯಾರೋ. ದಿನಾ ಹೊಸ ಮಾಡೆಲ್ ನೋಡುವ ಹುಡುಗರಿಗೆ ನಿಮ್ಮ ಹಳೆ ಕಾರಿನ ರೋಗ ಗೊತ್ತಿರುವುದಿಲ್ಲ. ರಿಪೇರಿಗಿಂತ ಸೆಟ್ ಬದಲಾಯಿಸುವುದೇ ಅವರ ಪದ್ಧತಿ. ಜೊತೆಗೆ ಎಸ್ಟಿಮೇಟಿನ ಕೊನೆಯಲ್ಲಿ ಇಂಜಿನ್ ಫ್ಲಶ್, ಡೀಕಾರ್ಬನೈಸಿಂಗ್, ಇಂಟೀರಿಯರ್ ಟ್ರೀಟ್‌ಮೆಂಟ್ ಅಂತ ಸಾಲು ಸಾಲು ಬರುತ್ತದೆ. ಅದನ್ನೆಲ್ಲ ಧೈರ್ಯವಾಗಿ ಹೊಡೆದು ಹಾಕಿಸಿ. ಬೇಡ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಿಚ್ಚಿದ ಹಳೆ ಪಾರ್ಟ್ ವಾಪಸ್ ಕೊಡಿ ಅಂತ ಕಾರು ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಿ.

ಗ್ಯಾರೇಜಿನಲ್ಲಿ ಮೇಸ್ತ್ರಿಯೇ ಎದುರಿಗಿರುತ್ತಾರೆ. ಕ್ಲಚ್, ಬ್ರೇಕ್, ಸಸ್ಪೆನ್ಷನ್, ಬೆಲ್ಟ್, ವಾಟರ್ ಪಂಪ್, ಆಯಿಲ್ ಸೀಲ್ ಇವೆಲ್ಲ ಗ್ಯಾರೇಜಿನ ಕೆಲಸ. ಮೇಸ್ತ್ರಿ ಒಳ್ಳೆಯವರಾದರೆ ಬಿಚ್ಚಿ ತೋರಿಸುತ್ತಾರೆ. ಸುಮ್ನೆ ಬಾಯಲ್ಲಿ ‘ಲೋವರ್ ಆರ್ಮ್ ಹೋಗಿದೆ’ ಅನ್ನುವವರಿಗೂ, ಕಾರು ಎತ್ತಿ, ಟೈರ್ ಬಿಚ್ಚಿ, ಲಿವರ್ ರಾಡನ್ನು ಆರ್ಮಿಗೂ ಫ್ರೇಮಿಗೂ ನಡುವೆ ಕೊಟ್ಟು ಒತ್ತುವವರಿಗೂ ವ್ಯತ್ಯಾಸ ಇದೆ. ಒತ್ತಿದಾಗ ಬುಷ್ಷಿನ ರಬ್ಬರ್ ಬಾಯಿ ಬಿಡುತ್ತದೆ, ಒಳಗಿನ ಕಬ್ಬಿಣದ ಬಳೆ ಒಂದು ಕಡೆಗೆ ಜಾರುತ್ತದೆ, ಸೀಳಿನಲ್ಲಿ ಕೂತಿದ್ದ ಕೆಂಪು ಮಣ್ಣು ಉದುರುತ್ತದೆ. ಆಮೇಲೆ ವಾದಕ್ಕೆ ಜಾಗವೇ ಇಲ್ಲ. ಇಂಥವರು ಸಿಕ್ಕರೆ ಎರಡು ದಿನ ಕಾಯಬೇಕಾದರೂ ಬಿಡಬೇಡಿ. ಅಮಾವಾಸ್ಯೆ ದಿನ ಕೆಲವು ಗ್ಯಾರೇಜು ಬಾಗಿಲು ಹಾಕಿರುತ್ತವೆ, ಶುಕ್ರವಾರ ಮಧ್ಯಾಹ್ನ ಇನ್ನು ಕೆಲವು. ಕ್ಯಾಲೆಂಡರ್ ನೋಡಿಕೊಂಡು ಹೋಗಿ.

ಗ್ಯಾರೇಜಿನ ಸೋಲು ಕರೆಂಟಿನ ವಿಷಯದಲ್ಲಿ. ಚೆಕ್ ಇಂಜಿನ್ ದೀಪ ಬಂದರೆ ಅಂದಾಜಿನ ಮೇಲೆ ಒಂದು ಸೆನ್ಸರ್ ಬದಲಿಸುವುದು, ದೀಪ ಹೋಗದಿದ್ದರೆ ಇನ್ನೊಂದು. ವೈರ್ ಕತ್ತರಿಸಿ ಟೇಪ್ ಸುತ್ತುವುದು. ಸ್ಕ್ಯಾನರ್ ಹಾಕದೆ ಸೆನ್ಸರ್ ಬದಲಿಸಲು ಒಪ್ಪಲೇಬೇಡಿ.

ಇವೆರಡರ ಜೊತೆ ಮೂರನೆಯದೊಂದಿದೆ. ಒಂದೇ ಕೆಲಸ ಮಾಡುವ ಅಂಗಡಿಗಳು. ರೇಡಿಯೇಟರ್ ಅಂಗಡಿ, ಎಸಿ ಅಂಗಡಿ, ಪಂಪ್-ನೋಜಲ್ ಅಂಗಡಿ, ಲೇತ್, ಸೆಲ್ಫ್-ಡೈನಮೋ ರಿಪೇರಿ. ಬಳ್ಳಾರಿ, ಹೊಸಪೇಟೆ ಕಡೆ ಗಣಿ ಲಾರಿಗಳ ಪುಣ್ಯದಿಂದ ಇಂಥ ಕೈಗಳಿಗೆ ಬರ ಇಲ್ಲ. ಕಾರು ಸ್ಟಾರ್ಟ್ ಆಗದಿದ್ದರೆ ಕಂಪನಿಯಲ್ಲಿ ಹೊಸ ಸ್ಟಾರ್ಟರ್ ಮೋಟಾರಿನ ದರ ಹೇಳುತ್ತಾರೆ. ಸೆಲ್ಫ್ ಅಂಗಡಿಯವರು ಅದನ್ನು ಬಿಚ್ಚಿ, ಸವೆದ ಕಾರ್ಬನ್ ಬ್ರಷ್ ಬದಲಿಸಿ, ಅವತ್ತೇ ಕೊಡುತ್ತಾರೆ. ಹಳೆ ಕಾರಿನವರಿಗೆ ಜಾಸ್ತಿ ದುಡ್ಡು ಉಳಿಯುವುದು ಇಲ್ಲೇ.

ಎಸಿ ಇದಕ್ಕೆ ಒಳ್ಳೆ ಉದಾಹರಣೆ. ನನ್ನ ಕಾರಿನ ಎಸಿ ಮಧ್ಯಾಹ್ನ ಬಿಸಿ ಗಾಳಿ ಕೊಡಲು ಶುರು ಮಾಡಿದಾಗ ಒಂದು ಕಡೆ ಕಂಪ್ರೆಸರ್ ಬದಲಾಯಿಸಬೇಕು ಅಂದರು. ಎಸಿ ಅಂಗಡಿಯವರು ಮೊದಲು ಮಾಡಿದ್ದು ಮುಂದಿನ ಗ್ರಿಲ್ ಬಿಚ್ಚಿದ್ದು. ರೇಡಿಯೇಟರ್ ಮುಂದೆ ಇರುವ ಕಂಡೆನ್ಸರಿನ ಸಂದಿಗಳಲ್ಲಿ ಧೂಳು, ಹುಳು, ಎಣ್ಣೆ ಎಲ್ಲ ಸೇರಿ ಗಟ್ಟಿ ಪದರ ಕಟ್ಟಿತ್ತು. ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ನೀರು ಬಿಟ್ಟರು. ಸಂಡೂರಿನ ಅದಿರಿನ ಬಣ್ಣದ ನೀರು ಸುಮಾರು ಹೊತ್ತು ಸುರಿಯಿತು. ಆಮೇಲೆ ಗೇಜ್ ಹಾಕಿ ನೋಡಿದರೆ ಒತ್ತಡ ಸರಿ ಇದೆ, ಕಂಪ್ರೆಸರೂ ಸರಿ ಇದೆ. ಹಾಗಂತ ಎಲ್ಲ ಎಸಿ ಅಂಗಡಿಯೂ ಹೀಗಲ್ಲ. ಬಂದ ತಕ್ಷಣ ‘ಗ್ಯಾಸ್ ತುಂಬಿಸೋಣ’ ಅನ್ನುವವರೂ ಇದ್ದಾರೆ. ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ. ಕಡಿಮೆ ಆಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಮೊದಲು ಸೋರಿಕೆ ಹುಡುಕಬೇಕು, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಯಬೇಕು, ಆಮೇಲೆ ತೂಕ ಮಾಡಿ ತುಂಬಬೇಕು. ಎಷ್ಟು ಗ್ರಾಂ ಬೇಕು ಅನ್ನೋದು ಬಹಳಷ್ಟು ಕಾರುಗಳಲ್ಲಿ ಬಾನೆಟ್ ಒಳಗಿನ ಸ್ಟಿಕರ್ ಮೇಲೆ ಬರೆದಿರುತ್ತದೆ.

ಬಿಸಿಲಿನ ಕೆಲಸ: ಇಲ್ಲಿ ಉಳಿತಾಯ ಬೇಡ

ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹಳೆ ಇಂಜಿನ್ ಸಾಯುವುದು ಹೆಚ್ಚಾಗಿ ಈ ಎರಡು ತಿಂಗಳಲ್ಲೇ. ಅದೂ ಏನೋ ದೊಡ್ಡ ಕಾರಣಕ್ಕಲ್ಲ, ಒಂದು ಪೈಪ್ ಒಡೆದು.

ನೀರೋ ಕೂಲೆಂಟೋ ಅನ್ನೋ ಪ್ರಶ್ನೆ ಈಗಲೂ ಕೇಳಿಬರುತ್ತದೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲೆಂಟ್, ಅರ್ಧ ನೀರು ಬೆರೆಸಿದರೆ 106-107 ಡಿಗ್ರಿ ತನಕ ತಡೆಯುತ್ತದೆ. ಅದರ ಮೇಲೆ ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡ ಹಿಡಿದಿಡುವುದರಿಂದ 125ರ ಆಸುಪಾಸಿನವರೆಗೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಈ ಲೆಕ್ಕ ಪೂರ್ತಿ ಹೋಯಿತು. ಕೆಲವೇ ನೂರು ರೂಪಾಯಿಯ ಸಾಮಾನು ಅದು. ಎರಡು-ಮೂರು ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಬದಲಿಸಿ.

ನಮ್ಮ ಬೋರ್ ನೀರಿನ ಗುಣ ಗೊತ್ತೇ ಇದೆ ಅಲ್ವಾ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ನೀರು ರೇಡಿಯೇಟರ್ ಕೊಳವೆಯಲ್ಲೂ ಅದೇ ಕೆಲಸ ಮಾಡುತ್ತದೆ. ಬೆರೆಸುವುದಕ್ಕೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರೇ ಬೇಕು. ಅದರ ಗೋಜೇ ಬೇಡ ಅಂದರೆ ಬೆರೆಸಿಟ್ಟ ರೆಡಿಮಿಕ್ಸ್ ಕೂಲೆಂಟ್ ತನ್ನಿ. ಸ್ವಲ್ಪ ದುಬಾರಿ, ಆದರೆ ಗ್ಯಾರೇಜ್ ಹುಡುಗ ಕೊಳಾಯಿ ಕಡೆ ಹೋಗುವ ಅವಕಾಶವೇ ಇರುವುದಿಲ್ಲ. ಹಸಿರಿಗೆ ಹಸಿರು ಅಂತ ಬಣ್ಣ ನೋಡಿ ಬೇರೆ ಬೇರೆ ಕಂಪನಿಯದನ್ನು ಬೆರೆಸಬೇಡಿ. ಬಣ್ಣಕ್ಕೂ ಒಳಗಿನ ರಸಾಯನಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಇನ್ನು ಥರ್ಮೋಸ್ಟ್ಯಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ‘ತೆಗೆದುಬಿಡ್ರಿ ಸರ್, ನಮ್ಮ ಬಿಸಿಲಿಗೆ ಅದ್ಯಾಕ್ ಬೇಕು?’ ಈ ಮಾತು ಕೇಳದ ಹಳೆ ಕಾರಿನ ಮಾಲೀಕರು ನಮ್ಮ ಕಡೆ ಕಡಿಮೆ. ಮಾತು ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಥರ್ಮೋಸ್ಟ್ಯಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ಬಾಯಿ ತೆರೆಯುತ್ತದೆ. ಆ ಬಿಸಿಯಲ್ಲೇ ಇಂಜಿನ್ ಓಡಬೇಕು ಅಂತ ಲೆಕ್ಕ. ತೆಗೆದರೆ ಇಂಜಿನ್ ಬೇಗ ಬಿಸಿ ಆಗುವುದಿಲ್ಲ. ಇಸಿಎಂ ಇನ್ನೂ ತಣ್ಣಗಿದೆ ಅಂದುಕೊಂಡು ಜಾಸ್ತಿ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ ಥರ್ಮೋಸ್ಟ್ಯಾಟ್. ಅಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ ಇನ್ನೂ ಬಿಸಿ ಆಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ರೇಡಿಯೇಟರ್ ಫ್ಯಾನಿಗೆ ಡ್ಯಾಶ್‌ಬೋರ್ಡಿನಿಂದ ಡೈರೆಕ್ಟ್ ಸ್ವಿಚ್ ಎಳೆಸುವುದೂ ಇದೇ ಜಾತಿಯ ಕೆಲಸ. ಒಂದು ದಿನ ಸ್ವಿಚ್ ಹಾಕುವುದು ಮರೆತರೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು) ಹೋಗುತ್ತದೆ. ರಿಲೇನೋ ಸೆನ್ಸರೋ ನೋಡಿ ಸರಿ ಮಾಡಿಸುವುದಕ್ಕೆ ಆಟೋ ಎಲೆಕ್ಟ್ರಿಷಿಯನ್ ಇದ್ದಾರಲ್ಲ.

ರೇಡಿಯೇಟರ್ ಕಟ್ಟಿಕೊಂಡರೆ ಏನು ಮಾಡಬೇಕು ಅನ್ನೋದು ಅದು ಯಾವ ಲೋಹದ್ದು ಅನ್ನೋದರ ಮೇಲಿದೆ. ತೀರಾ ಹಳೆಯ ತಾಮ್ರ-ಹಿತ್ತಾಳೆಯದಾದರೆ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಹಾಯಿಸಿ, ಮತ್ತೆ ಬೆಸುಗೆ ಹಾಕುತ್ತಾರೆ. ಚೆನ್ನಾಗಿ ಬಾಳುತ್ತದೆ. ಆದರೆ ಈಗ ಓಡುತ್ತಿರುವ ಬಹುತೇಕ ಕಾರುಗಳಲ್ಲಿ ಅಲ್ಯೂಮಿನಿಯಂ ಜಾಲರಿ, ಪ್ಲಾಸ್ಟಿಕ್ ಟ್ಯಾಂಕ್. ಪ್ಲಾಸ್ಟಿಕ್ ಬಿರುಕಿಗೆ ಎಂ-ಸೀಲ್ ಹಚ್ಚಿದರೆ ಊರು ಸೇರಬಹುದು, ಬೇಸಿಗೆ ದಾಟಲಾಗುವುದಿಲ್ಲ. ಹೊಸದೇ ಹಾಕಿಸಿ. ಅದೇ ದಿನ ಮೇಲಿನ-ಕೆಳಗಿನ ಹೋಸ್, ಕ್ಯಾಪ್, ಥರ್ಮೋಸ್ಟ್ಯಾಟ್ ಎಲ್ಲವನ್ನೂ ಬದಲಿಸಿ. ಕೂಲಿ ಒಂದೇ ಸಲ ಬೀಳುತ್ತದೆ. ಶಿವರಾತ್ರಿ ಹೊತ್ತಿಗೆ ಈ ಕೆಲಸ ಮುಗಿದಿರಲಿ. ಏಪ್ರಿಲ್‌ನಲ್ಲಿ ರೇಡಿಯೇಟರ್ ಅಂಗಡಿಗೆ ಹೋದರೆ ಕಾಯಬೇಕಾಗುತ್ತದೆ.

ದಾರಿಯಲ್ಲಿ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಏರಿತು ಅನ್ನಿ. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ನೆರಳಿರುವ ಕಡೆ ನಿಲ್ಲಿಸಿ. ಹೀಟರ್ ಅಂದರೆ ಅದೂ ಒಂದು ಪುಟ್ಟ ರೇಡಿಯೇಟರೇ. ಬಿಸಿ ಇರುವಾಗ ಕ್ಯಾಪ್ ತೆರೆದರೆ ಮುಖ ಸುಡುತ್ತದೆ. ಇಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ದೀಪ ಕಂಡರೆ ‘ಇನ್ನೊಂದೆರಡು ಕಿಲೋಮೀಟರ್ ತಾನೆ’ ಅನ್ನಬೇಡಿ. ಅಲ್ಲೇ ನಿಲ್ಲಿಸಿ.

ಧೂಳಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಏರ್ ಫಿಲ್ಟರ್ ಬದಲಿಸುವ ಅವಧಿಯನ್ನು ಮ್ಯಾನುಯಲ್‌ನಲ್ಲಿ ಬರೆದದ್ದರ ಅರ್ಧಕ್ಕೆ ಇಳಿಸಿ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಅದಿರಿನ ಲಾರಿಗಳ ಹಿಂದೆ ಓಡಾಡುವವರು, ಸಿಂಧನೂರು-ಕಾರಟಗಿ ಕಡೆಯ ಗದ್ದೆ ದಾರಿಯವರು ಆಯಿಲನ್ನೂ ಸ್ವಲ್ಪ ಬೇಗ ಬದಲಿಸಿ. ಗ್ರೇಡ್ ಮಾತ್ರ ಮ್ಯಾನುಯಲ್ ಹೇಳಿದ್ದೇ ಇರಲಿ. ಎಲ್ಲದಕ್ಕೂ ಡ್ರಮ್ಮಿನಿಂದ 20ಡಬ್ಲ್ಯೂ40 ಅನ್ನೋ ದಪ್ಪ ಆಯಿಲ್ ಸುರಿಯುವ ಗ್ಯಾರೇಜುಗಳಿವೆ. ಹಳೆ ಇಂಡಿಕಾ ಅದನ್ನು ಸಹಿಸಿಕೊಂಡೀತು. ಸ್ವಿಫ್ಟ್ ಡೀಸೆಲ್ಲಿನ ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದ ಮೇಲೇ ನಡೆಯುತ್ತದೆ, ಅದಕ್ಕೆ ದಪ್ಪ ಆಯಿಲ್ ಆಗಿಬರುವುದಿಲ್ಲ.

ಒಂದೇ ಪಾರ್ಟಿಗೆ ನಾಲ್ಕು ದರ

ಪಾರ್ಟ್ ಅಂಗಡಿಯಲ್ಲಿ ‘ಕಂಪನಿದು ಕೊಡ್ಲಾ, ಬೇರೆದು ಕೊಡ್ಲಾ?’ ಅಂತ ಕೇಳುತ್ತಾರೆ. ಆ ‘ಬೇರೆದು’ ಅನ್ನುವುದರಲ್ಲಿ ಮೂರು ತರಹ ಇದೆ.

ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಆ ಡಬ್ಬಿಯೊಳಗಿನ ಪಾರ್ಟನ್ನು ಎಷ್ಟೋ ಸಲ ಮಾಡಿರುವುದು ಬೇರೆಯವರು. ಶಾಕ್ ಅಬ್ಸಾರ್ಬರ್ ಅಂದರೆ ಗೇಬ್ರಿಯಲ್, ಸ್ಟೀರಿಂಗ್ ಜಾಯಿಂಟ್ ಅಂದರೆ ರಾಣೆ, ಮಾರುತಿಯ ಎಸಿ ಸಾಮಾನು ಅಂದರೆ ಸುಬ್ರೋಸ್, ಡೀಸೆಲ್ ಪಂಪು-ಇಂಜೆಕ್ಟರ್ ಅಂದರೆ ಬಾಷ್. ಇವರು ತಮ್ಮದೇ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ, ಎರಡನೆಯದು ಅದು. ದರ ಕಡಿಮೆ, ಕೆಲಸ ಅದೇ. ಹಳೆ ಕಾರಿಗೆ ನನ್ನ ಮೊದಲ ಆಯ್ಕೆ ಇದು. ಮೂರನೆಯದು ಹೆಸರಿಲ್ಲದ ಲೋಕಲ್, ಅಥವಾ ಅಸಲಿ ಡಬ್ಬಿಯನ್ನೇ ಹೋಲುವ ಡೂಪ್ಲಿಕೇಟ್. ನಾಲ್ಕನೆಯದು ಗುಜರಿ.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಎಲ್ಲದಕ್ಕೂ 18 ಪರ್ಸೆಂಟ್ ಆಗಿದೆ. ಅದಕ್ಕೂ ಮೊದಲು ಬಹಳಷ್ಟಕ್ಕೆ 28 ಇತ್ತು. ಹಳೆ ಸ್ಟಾಕಿನ ಡಬ್ಬಿ ಮೇಲೆ ಹಳೆ ಎಂಆರ್‌ಪಿಯೇ ಇರಬಹುದು. ಬಿಲ್ ಕೇಳಿ, ದರ ಕೇಳಿ.

ಗುಜರಿ ಅಂದ ಕೂಡಲೇ ಮೂಗು ಮುರಿಯಬೇಡಿ. ಹೆಡ್‌ಲೈಟ್ ಒಡೆದರೆ ಹೊಸ ಲೋಕಲ್ ಲೈಟಿಗಿಂತ ಗುಜರಿಯ ಅಸಲಿ ಲೈಟೇ ಮೇಲು. ಲೋಕಲ್ ಲೈಟಿನ ಒಳಗಿನ ಕನ್ನಡಿ ಸರಿ ಇರುವುದಿಲ್ಲ, ಬೆಳಕು ರಸ್ತೆ ಬಿಟ್ಟು ಮರದ ಮೇಲೆ ಬೀಳುತ್ತದೆ. ಬಾಗಿಲು, ಸೈಡ್ ಕನ್ನಡಿ, ಕಿಟಕಿ ಮೋಟಾರ್, ಸ್ವಿಚ್, ಸೀಟು ಇವೆಲ್ಲ ಗುಜರಿಯಲ್ಲಿ ತೆಗೆದುಕೊಳ್ಳಬಹುದು. ಬ್ರೇಕಿನ ಯಾವುದೇ ಸಾಮಾನು, ಟೈಮಿಂಗ್ ಬೆಲ್ಟ್, ಸ್ಟೀರಿಂಗ್ ಜಾಯಿಂಟ್, ಏರ್‌ಬ್ಯಾಗ್, ಟೈರ್, ರಬ್ಬರಿನದು ಎಂಥದ್ದೇ ಇರಲಿ, ಗುಜರಿಯಿಂದ ಬೇಡ. ರಬ್ಬರ್ ಬಳಸದೆ ಬಿದ್ದಿದ್ದರೂ ಬಿಸಿಲಿಗೆ ಒಣಗಿರುತ್ತದೆ.

ಇಂಜಿನ್ನಿನ ಪಿಸ್ಟನ್, ವಾಲ್ವ್‌ಗಳು ಒಂದೇ ತಾಳದಲ್ಲಿ ನಡೆಯುವಂತೆ ಮಾಡುವ ಟೈಮಿಂಗ್ ಬೆಲ್ಟ್ ಬಗ್ಗೆ ಪ್ರತ್ಯೇಕ ಹೇಳಬೇಕು. ಮಾರುತಿ 800, ಹಳೆ ಆಲ್ಟೊ, ಸ್ಯಾಂಟ್ರೊ ಝಿಂಗ್, ಇಂಡಿಕಾ ಡೀಸೆಲ್, ಹಳೆ ಇನ್ನೋವಾ ಇವಕ್ಕೆಲ್ಲ ಬೆಲ್ಟ್. ಸ್ವಿಫ್ಟ್ ಡೀಸೆಲ್‌ಗೆ, ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಇಂಜಿನ್‌ಗಳಿಗೆ ಚೈನ್. ಬೆಲ್ಟ್ ತುಂಡಾದರೆ ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರೆ, ಹಿಂದಿನವರು ಯಾವಾಗ ಬದಲಿಸಿದರು ಅನ್ನೋದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟ್, ಟೆನ್ಷನರ್ ಬೇರಿಂಗ್, ವಾಟರ್ ಪಂಪ್ ಮೂರೂ ಒಟ್ಟಿಗೆ ಮಾಡಿಸಿ. ಬರೀ ಬೆಲ್ಟ್ ಹಾಕಿಸಿ ಹಳೆ ಬೇರಿಂಗ್ ಬಿಟ್ಟರೆ ಹೊಸ ಬೆಲ್ಟನ್ನು ಆ ಬೇರಿಂಗೇ ಕೊಲ್ಲುತ್ತದೆ.

ಟೈರಿನ ಬದಿಯಲ್ಲಿ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2219 ಅಂತ ಇದ್ದರೆ 2019ನೇ ಇಸವಿಯ 22ನೇ ವಾರದಲ್ಲಿ ತಯಾರಾಗಿದ್ದು. ಹೂವು ಎಷ್ಟೇ ಉಳಿದಿರಲಿ, ಆರು ವರ್ಷ ದಾಟಿದ ಟೈರಲ್ಲಿ ಮೇ ತಿಂಗಳ ಮಧ್ಯಾಹ್ನ ಹೈವೇಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಬಹಳ ಸಲ ಅದು ಕಾರಿನಷ್ಟೇ ಹಳೆಯದಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ಯಾಟರಿಯ ಆಯಸ್ಸನ್ನೂ ಬಿಸಿಲು ತಿನ್ನುತ್ತದೆ. ಕಾರನ್ನು ನೆರಳಲ್ಲಿ ನಿಲ್ಲಿಸುವುದು ಇದಕ್ಕೆಲ್ಲ ಅರ್ಧ ಮದ್ದು.

ಪೆಟ್ರೋಲ್ ಕಾರಿನವರಿಗೆ ಹೊಸ ತಲೆನೋವು ಇ20. ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. 2023ರ ಏಪ್ರಿಲ್‌ಗಿಂತ ಮುಂಚಿನ ಬಹಳಷ್ಟು ಕಾರುಗಳನ್ನು ಇದಕ್ಕೆ ಅಂತ ಮಾಡಿದ್ದಲ್ಲ. ಇಂಜಿನ್ ನಾಳೆಯೇ ಹೋಗುತ್ತದೆ ಅನ್ನೋ ಹೆದರಿಕೆ ಬೇಡ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆ ರಬ್ಬರ್ ಪೈಪು, ಸೀಲುಗಳು ಮೊದಲಿಗಿಂತ ಬೇಗ ಸೋಲುತ್ತವೆ. ಸರ್ವಿಸ್ ಮಾಡಿಸುವಾಗಲೆಲ್ಲ ಟ್ಯಾಂಕಿನಿಂದ ಇಂಜಿನ್ ತನಕ ಪೆಟ್ರೋಲ್ ಪೈಪನ್ನು ಕೈಯಲ್ಲಿ ಹಿಂಡಿ ನೋಡಿಸಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ, ಬದಲಿಸಿ. ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಕಾರು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್ ತಳದಲ್ಲಷ್ಟೇ ಸ್ವಲ್ಪ ಪೆಟ್ರೋಲ್ ಬಿಟ್ಟು ನಿಲ್ಲಿಸಬೇಡಿ, ಎಥನಾಲ್ ನೀರು ಎಳೆದುಕೊಳ್ಳುತ್ತದೆ.

ಯಾವ ಕಾರು ಇಟ್ಟುಕೊಳ್ಳಬಹುದು

ನಮ್ಮಂಥ ಊರಲ್ಲಿ ಪಾರ್ಟ್ ಸಿಗುವ ಕಾರೇ ಒಳ್ಳೆ ಕಾರು. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಅದರ ಇಂಜಿನ್ ಆಲ್ಟೊ, ಓಮ್ನಿಯಲ್ಲೂ ಮುಂದುವರಿದದ್ದರಿಂದ ಪಾರ್ಟಿಗೆ ಬರ ಬರಲಿಲ್ಲ. ಫಿಯೆಟ್ ಮೂಲದ 1.3 ಡೀಸೆಲ್ ಇಂಜಿನ್ ಸ್ವಿಫ್ಟ್, ಡಿಸೈರ್, ಎರ್ಟಿಗಾ, ವಿಸ್ಟಾ, ಪುಂಟೋ ಎಲ್ಲದರಲ್ಲೂ ಇತ್ತು. ಅದನ್ನು ಬಿಚ್ಚಲು ಬರದ ಮೇಸ್ತ್ರಿ ಸಿಗುವುದೇ ಕಷ್ಟ. ಷೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಫೋರ್ಡಿನ ಫಿಗೊ, ಷೆವ್ರೊಲೆಯ ಬೀಟ್ ಒಳ್ಳೆ ಕಾರುಗಳೇ. ಫಿಲ್ಟರ್, ಬ್ರೇಕ್ ಪ್ಯಾಡ್ ಸಿಗುತ್ತವೆ. ಬಂಪರ್, ಲೈಟ್, ಸೆನ್ಸರ್ ಬೇಕಾದರೆ ಬೆಂಗಳೂರಿಗೋ ಹೈದರಾಬಾದಿಗೋ ಫೋನ್ ಹಚ್ಚಿ ಕಾಯಬೇಕು. ದಿನಾ ಬೇಕಾದ ಕಾರು ಹಾಗೆ ನಿಂತರೆ ಕಷ್ಟ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಪರವಾಗಿಲ್ಲ.

ಅದೇ ಮಾಡೆಲ್ ಅಗ್ಗಕ್ಕೆ ಸಿಗುತ್ತದೆ ಅಂತ ಕರಾವಳಿಯಿಂದ ತಂದರೆ ತಳ ನೋಡದೆ ತರಬೇಡಿ. ಆದೋನಿ, ಕರ್ನೂಲು ಕಡೆಯಿಂದ ತಂದರೆ ಹವಾ ಒಂದೇ, ತುಕ್ಕಿನ ಭಯ ಕಡಿಮೆ. ಆದರೆ ಹೊರ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ದಾಟಿ ಇದ್ದರೆ ಕೆಎ ನಂಬರ್ ಮಾಡಿಸಬೇಕು, ಇಲ್ಲಿನ ರಸ್ತೆ ತೆರಿಗೆ ಕಟ್ಟಬೇಕು. ಆ ಲೆಕ್ಕ ಸೇರಿಸಿದರೆ ಅಗ್ಗ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ರಿಪೇರಿಯೋ, ಮಾರಾಟವೋ

ಜನ ರಿಪೇರಿ ಖರ್ಚನ್ನು ಕಾರಿನ ಬೆಲೆಗೆ ಹೋಲಿಸುತ್ತಾರೆ. ‘ಒಂದು ಲಕ್ಷದ ಕಾರಿಗೆ ನಲವತ್ತು ಸಾವಿರ ಯಾಕೆ ಹಾಕ್ತೀರಿ?’ ಅಂತ. ನಾನು ಹೋಲಿಸುವುದು ಹೊಸ ಕಾರಿನ ಕಂತಿಗೆ. ಐದು ಲಕ್ಷ ಸಾಲ, ಬಡ್ಡಿ 9 ಪರ್ಸೆಂಟ್, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 10,380 ರೂಪಾಯಿ. ವರ್ಷಕ್ಕೆ ಒಂದೂಕಾಲು ಲಕ್ಷದ ಹತ್ತಿರ. ಮೇಲೆ ಫುಲ್ ಇನ್ಶೂರೆನ್ಸ್. ಹಳೆ ಕಾರಿನ ರಿಪೇರಿ ಪ್ರತಿ ವರ್ಷ ಇದರ ಅರ್ಧ ಮುಟ್ಟುತ್ತಿಲ್ಲ ಎಂದರೆ ಇಟ್ಟುಕೊಳ್ಳಿ. ಚಿಕ್ಕ ಕಾರುಗಳ ಜಿಎಸ್‌ಟಿ ಕೂಡ ಅದೇ 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿದಿದೆ. ಹಾಗಾಗಿ ಹೊಸದರ ಆಸೆ ಹುಟ್ಟುವುದು ಸಹಜ. ಆಸೆಯಿಂದಲೇ ಕೊಳ್ಳುವುದಾದರೆ ಕೊಳ್ಳಿ, ಹಳೆ ಕಾರಿನ ಖರ್ಚನ್ನು ನೆಪ ಮಾಡಬೇಡಿ.

ಇಂಜಿನ್ ವಿಷಯ ಬಂದಾಗ ಮಾತ್ರ ಕೂತು ಲೆಕ್ಕ ಹಾಕಬೇಕು. ‘ಇಂಜಿನ್ ಇಳಿಸ್ಬೇಕು’ ಅಂದ ತಕ್ಷಣ ಒಪ್ಪಬೇಡಿ. ಹೊಗೆ ನೋಡಿ: ನೀಲಿ ಆದರೆ ಆಯಿಲ್ ಸುಡುತ್ತಿದೆ, ನಿಲ್ಲದೆ ಬಿಳಿ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ, ಕಪ್ಪಾದರೆ ಇಂಧನ ಜಾಸ್ತಿ ಅಥವಾ ಗಾಳಿ ಕಡಿಮೆ. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಅದಕ್ಕೆ ಇಂಜಿನ್ ಬಿಚ್ಚಬೇಕಿಲ್ಲ. ಬರೀ ಹೆಡ್ ಗ್ಯಾಸ್ಕೆಟ್ ಆದರೆ ಹೆಡ್ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ ಕೂರಿಸುತ್ತಾರೆ, ಅದು ಮಾಡಿಸುವ ಕೆಲಸವೇ. ಬೋರಿಂಗ್, ಪಿಸ್ಟನ್, ಬೇರಿಂಗ್ ಎಲ್ಲ ಬೇಕಾದರೆ ಬಾಡಿ ಚೆನ್ನಾಗಿರುವ, ಪಾರ್ಟ್ ಸಿಗುವ ಕಾರಿಗೆ ಮಾತ್ರ ಮಾಡಿಸಿ. ಗುಜರಿಯ ಹಾಫ್ ಇಂಜಿನ್ (ಹೆಡ್ ಬಿಟ್ಟು ಬ್ಲಾಕಿನ ಭಾಗ) ಅಗ್ಗ, ಕೆಲಸವೂ ಬೇಗ ಆಗುತ್ತದೆ. ಆದರೆ ಅದು ಎಷ್ಟು ಓಡಿದೆ ಯಾರಿಗೂ ಗೊತ್ತಿರುವುದಿಲ್ಲ. ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತದೆ, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಆ ಇಂಜಿನ್ನಿನ ಕಾಗದ ಇಲ್ಲದಿದ್ದರೆ ಮುಟ್ಟಲೇಬೇಡಿ, ಕದ್ದ ಗಾಡಿಯದ್ದಾಗಿದ್ದರೆ ಸಿಕ್ಕಿಹಾಕಿಕೊಳ್ಳುವುದು ನೀವು.

ಇನ್ಶೂರೆನ್ಸ್‌ನಲ್ಲೂ ಆಯ್ಕೆ ಇದೆ. ಥರ್ಡ್ ಪಾರ್ಟಿ ಕಡ್ಡಾಯ. ಫುಲ್ ಇನ್ಶೂರೆನ್ಸ್ ಇದ್ದರೂ ಹತ್ತು ವರ್ಷ ದಾಟಿದ ಕಾರಿನ ಲೋಹದ ಪಾರ್ಟಿಗೆ ಅರ್ಧ ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್ಕಿಗೆ ಯಾವ ವಯಸ್ಸಿನ ಕಾರಾದರೂ ಅರ್ಧವೇ. ಕಾರಿನ ಬೆಲೆ ಒಂದು ಲಕ್ಷದೊಳಗೆ ಇದ್ದರೆ ನಾನು ಥರ್ಡ್ ಪಾರ್ಟಿಯ ಜೊತೆ ಮಾಲೀಕ-ಚಾಲಕರ ಅಪಘಾತ ವಿಮೆ ಮಾತ್ರ ಮಾಡಿಸುತ್ತೇನೆ.

ಹದಿನೈದು ವರ್ಷ ತುಂಬುವ ಕಾರಿಗೆ ಇನ್ನೊಂದು ಖರ್ಚು ಕಾದಿರುತ್ತದೆ. ದೆಹಲಿಯ ನಿಯಮ ಕೇಳಿ ಹೆದರಬೇಡಿ, ಕರ್ನಾಟಕದಲ್ಲಿ ವಯಸ್ಸಾಯಿತು ಅಂತ ಖಾಸಗಿ ಕಾರನ್ನು ರಸ್ತೆಯಿಂದ ಇಳಿಸುವುದಿಲ್ಲ. ರಿಜಿಸ್ಟ್ರೇಷನ್ ನವೀಕರಿಸಬೇಕು, ಒಮ್ಮೆ ಮಾಡಿಸಿದರೆ ಐದು ವರ್ಷ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಗ್ರೀನ್ ಟ್ಯಾಕ್ಸ್ ಬೇರೆ. ತಡ ಮಾಡಿದರೆ ತಿಂಗಳಿಗೆ 500 ದಂಡ. ಅವಧಿ ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ, ಫಾರಂ 25 ಹಾಕಬಹುದು. ಇನ್‌ಸ್ಪೆಕ್ಟರ್ ಗಾಡಿ ನೋಡುತ್ತಾರೆ. ಲೈಟು, ಇಂಡಿಕೇಟರ್, ಹಾರ್ನ್, ಟೈರು, ಹ್ಯಾಂಡ್ ಬ್ರೇಕ್, ಹೊಗೆ ಸರ್ಟಿಫಿಕೇಟ್ ಸರಿ ಮಾಡಿಕೊಂಡು ಹೋಗಿ. ದೊಡ್ಡ ರಿಪೇರಿ ಇದ್ದರೆ ಅದನ್ನು ಈ ದಿನಾಂಕದ ಜೊತೆ ಸೇರಿಸಿ ನೋಡಿ. ಹದಿನಾಲ್ಕನೇ ವರ್ಷದಲ್ಲಿ ಇಂಜಿನ್ನಿಗೆ ದುಡ್ಡು ಸುರಿದು ಹದಿನೈದಕ್ಕೆ ಮಾರುವವರಿದ್ದಾರೆ. ಮಾರುವ ಮನಸ್ಸಿದ್ದರೆ ರಿಪೇರಿಗೆ ಮೊದಲೇ, ಆರ್‌ಸಿಯಲ್ಲಿ ಒಂದಷ್ಟು ಅವಧಿ ಬಾಕಿ ಇರುವಾಗಲೇ ಮಾರಿ.

ಮಾರುವಾಗ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವ ತನಕ ಅಪಘಾತವಾದರೆ ನೋಟಿಸ್ ಬರುವುದು ನಿಮ್ಮ ಮನೆಗೇ. ಕೊಳ್ಳುವವರ ಆಧಾರ್ ಪ್ರತಿ ಇಟ್ಟುಕೊಳ್ಳಿ, ಕಾರು ಕೊಟ್ಟ ದಿನಾಂಕದ ಜೊತೆ ಸಮಯವನ್ನೂ ಬರೆಸಿಕೊಳ್ಳಿ. ಹೆಸರು ವರ್ಗಾವಣೆ ಆಯಿತೋ ಇಲ್ಲವೋ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತಿರಿ. ಆಗುವ ತನಕ ಒಂದು ಸಣ್ಣ ಮೊತ್ತ ಬಾಕಿ ಇಟ್ಟುಕೊಂಡೇ ಮಾರುವವರೂ ಇದ್ದಾರೆ. ಕೊಳ್ಳುವವರು ಒಪ್ಪಿದರೆ ಅದು ಒಳ್ಳೆ ಪದ್ಧತಿ.